ಆರೂವರೆ ಸೀಟಿನ ಗಾಡಿ

ಹಿರೇಗುಂಟನೂರಿನ ಚಿತ್ತಯ್ಯನ ಮನೆ ಮುಂದೆ ಆ ಬೆಳ್ಳಿ ಬಣ್ಣದ ದೊಡ್ಡ ಗಾಡಿ ಬಂದು ನಿಂತಾಗ ಎಲ್ಲರಿಗಿಂತ ಮೊದಲು ಅದರ ಸುತ್ತ ನೆರೆದದ್ದು ಕುರಿಮರಿಗಳು. ಒಂದು ಮರಿ ಚಕ್ರವನ್ನು ನೆಕ್ಕಿ ನೋಡಿತು. ಇನ್ನೊಂದು, ಬಾಗಿಲಿನ ಹೊಳಪಿನಲ್ಲಿ ತನ್ನದೇ ಮುಖ ಕಂಡು, ಹಣೆ ಬಗ್ಗಿಸಿ ಗುದ್ದಲು ಹೊರಟಿತು. ಗಂಗಾ ಓಡಿಬಂದು ಅದನ್ನು ಎತ್ತಿಕೊಂಡಳು. ಎತ್ತಿಕೊಂಡವಳು ಅದೇ ಬಾಗಿಲಿನಲ್ಲಿ ತನ್ನ ಮುಖವನ್ನೂ ನೋಡಿಕೊಂಡಳು. ಮುಖ ಅಗಲವಾಗಿ ಕುಂಬಳಕಾಯಿಯ ಹಾಗೆ ಕಂಡಿತು. ನಗು ತಡೆಯಲಾಗದೆ ಮರಿಯ ಮೈಯಲ್ಲಿ ಮುಖ ಹುದುಗಿಸಿ ನಕ್ಕಳು.

ಗಂಗಾ ಚಿತ್ತಯ್ಯನ ಕೊನೆಯ ಮಗಳು. ಹತ್ತೊಂಬತ್ತು ವರ್ಷ. ಏಳನೇ ಕ್ಲಾಸು ಮುಗಿದ ವರ್ಷ ಮನೆಯ ಮಂದೆ ದೊಡ್ಡದಾಗಿ, ಮರಿ ನೋಡಿಕೊಳ್ಳಲು ಒಬ್ಬರು ಬೇಕಾಗಿ, ಅವಳ ಸ್ಕೂಲು ಅಲ್ಲಿಗೇ ನಿಂತಿತ್ತು. ಮಾತು ಬಹಳ ಕಡಿಮೆ. ಹೊರಗಿನವರ ಎದುರು ಅವಳ ಬಾಯಿಂದ ಒಂದು ಮಾತು ಹೊರಡಬೇಕಾದರೆ ಗಂಟಲು ಮೂರು ಸಲ ಒಣಗಬೇಕು. ಆದರೆ ಕಣ್ಣು ಮಾತ್ರ ಸುಮ್ಮನಿರುತ್ತಿರಲಿಲ್ಲ. ಯಾರು ಯಾರನ್ನು ನೋಡಿದರು, ಯಾರ ಮುಖ ಯಾವ ಮಾತಿಗೆ ಚಿಕ್ಕದಾಯಿತು, ಯಾರು ಊಟಕ್ಕೆ ಕೂತಾಗ ಎರಡನೇ ಮುದ್ದೆಗೆ ಆಸೆಪಟ್ಟು ಬೇಡ ಅಂದರು, ಎಲ್ಲ ಅವಳಿಗೆ ಗೊತ್ತಿರುತ್ತಿತ್ತು.

ಅದು ಎರಡು ಸಾವಿರದ ಆರನೇ ಇಸವಿ. ಕುರಿ ಮೇಯಿಸುವುದಕ್ಕೆ ಬಿಟ್ಟರೆ ಯಾವುದಕ್ಕೂ ಬಾರದು ಎಂದುಕೊಂಡಿದ್ದ ಚಿತ್ತಯ್ಯನ ಗುಡ್ಡದ ಜಮೀನನ್ನು ಗಾಳಿಯಿಂದ ಕರೆಂಟು ಮಾಡುವ ಕಂಪನಿಯೊಂದು ಕೊಂಡಿತ್ತು. ಈಗ ಅಲ್ಲಿ ಮೂರು ರೆಕ್ಕೆಯ ಕಂಬಗಳು ತಿರುಗುತ್ತಿದ್ದವು. ಗುಡ್ಡ ತಿರುಗಿದ ಮೇಲೆ ಮನೆಯವರೂ ತಿರುಗಾಡಬೇಕು ಎಂದು ತೀರ್ಮಾನವಾಗಿ, ದುರ್ಗದ ಶೋರೂಮಿಗೆ ಹೇಳಿ ಕಳಿಸಿದ್ದರು. ಕಿರಿಯ ಮಗ ಮಾರುತೇಶ ಭಾನುವಾರವೇ ದುರ್ಗಕ್ಕೆ ಹೋಗಿ ಗಾಡಿ ಓಡಿಸಿ ನೋಡಿ ಬಂದಿದ್ದ. ಹೊಳಲ್ಕೆರೆಯ ಸೊಸೈಟಿಯಲ್ಲಿ ಗುಮಾಸ್ತನಾಗಿದ್ದ ಅವನೊಬ್ಬನಿಗೇ ಆ ಮನೆಯಲ್ಲಿ ಡ್ರೈವಿಂಗ್ ಬರುತ್ತಿದ್ದದ್ದು. ಗಾಡಿ ಯಾವುದು ಅನ್ನುವುದು ಗೊತ್ತಾಗಿತ್ತು. ಇವತ್ತು ಗೊತ್ತಾಗಬೇಕಾಗಿದ್ದದ್ದು ಅದರೊಳಗೆ ಏನೇನು ಹಾಕಿಸಬೇಕು ಅನ್ನುವುದು.

ಶೋರೂಮಿನಿಂದ ಬಂದವನು ಚೇತನ್‌ಕುಮಾರ್. ಇಸ್ತ್ರಿ ಮಾಡಿದ ನೀಲಿ ಅಂಗಿ, ಕೊರಳಲ್ಲಿ ಟೈ, ಕೈಯಲ್ಲಿ ಬಣ್ಣಬಣ್ಣದ ಪುಸ್ತಕ. ಗಾಡಿಯಿಂದ ಇಳಿದ ತಕ್ಷಣ ಅವನ ಹೊಳೆಯುವ ಬೂಟಿನ ಮೇಲೆ ಒಂದು ಮರಿ ಹಿಕ್ಕೆ ಉದುರಿಸಿತು.

"ಶುಭ ಆತು ಬಿಡಪ್ಪ," ಅಂದ ಹಿರಿಯ ಮಗ ಪಾಲಣ್ಣ. "ಮೊದ್ಲ ಬೋಣಿ ನಿಂದೇ."

ಚಿತ್ತಯ್ಯ ಗಾಡಿಯ ಸುತ್ತ ಒಂದು ಸುತ್ತು ಬಂದ. ನಲವತ್ತು ವರ್ಷ ಕುರಿ ವ್ಯಾಪಾರ ಮಾಡಿದ ಮನುಷ್ಯ. ಗಾಡಿಯ ಬೆನ್ನಿನ ಮೇಲೆ ತಟ್ಟಿದ. ಹಿಂದಿನಿಂದ ಎತ್ತಿ ತೂಕ ನೋಡುವವನಂತೆ ಬಂಪರ್ ಹಿಡಿದು ಅಲ್ಲಾಡಿಸಿದ. ಮುಂದೆ ಬಂದು ಬಗ್ಗಿ ಜಾಲರಿಯೊಳಗೆ ಇಣುಕಿದ.

"ಹಲ್ಲು ಎಷ್ಟ್ ಬಂದವೆ?"

ಚೇತನ್‌ಕುಮಾರ್ ಕಕ್ಕಾಬಿಕ್ಕಿಯಾದ. "ಹಲ್ಲಾ, ಯಜಮಾನ್ರೆ?"

"ವಯಸ್ಸು ಕೇಳ್ತಾ ಇದೀನಿ ಕಣಪ್ಪ."

"ಹೊಚ್ಚ ಹೊಸದು. ಈ ವರ್ಷದ್ದೇ."

"ಹಂಗಾರೆ ಇನ್ನೂ ಹಾಲುಹಲ್ಲು," ಅಂದು ಚಿತ್ತಯ್ಯ ಅಂಗಳದಲ್ಲಿ ಹಾಸಿದ್ದ ಕಂಬಳಿಯ ಮೇಲೆ ಕೂತ. "ಕುಂತ್ಕ ಬಾ. ಏನೇನ್ ಐತೆ ಓದು."

ಎಲ್ಲರೂ ಸುತ್ತ ಕೂತರು. ಚಿತ್ತಯ್ಯನ ಹೆಂಡತಿ ಚಿತ್ತಮ್ಮ ಎಲೆಅಡಿಕೆ ಚೀಲ ಬಿಚ್ಚಿಕೊಂಡು ಕೂತಳು. ಪಾಲಣ್ಣನ ಹೆಂಡತಿ ದೊಡ್ಡಕ್ಕ ಗೋಡೆಗೆ ಒರಗಿದಳು. ಮಾರುತೇಶನ ಹೆಂಡತಿ ಉಷಾರಾಣಿ, ಹಿರಿಯೂರು ಪೇಟೆಯಲ್ಲಿ ಬೆಳೆದವಳು, ಆ ಬಣ್ಣದ ಪುಸ್ತಕ ಕಾಣುವಷ್ಟು ಹತ್ತಿರಕ್ಕೆ ಸರಿದಳು. ಗಂಗಾ ಮರಿಗಳನ್ನೆಲ್ಲ ರೊಪ್ಪಕ್ಕೆ ಅಟ್ಟಿ, ಬಾಗಿಲು ಕಟ್ಟಿ ಬಂದು, ಅವ್ವನ ಬೆನ್ನ ಹಿಂದೆ ಕೂತಳು.

ಚೇತನ್‌ಕುಮಾರ್ ಪುಸ್ತಕ ಬಿಡಿಸಿದ. "ಮೊದಲನೇದು, ಮೇಲ್ಗಡೆ ಕಿಟಕಿ. ಬಟನ್ ಒತ್ತಿದ್ರೆ ತಲೆ ಮೇಲಿನ ಗಾಜು ಸರಿಯುತ್ತೆ. ಬಿಸಿಲು ಒಳಗೇ ಬರುತ್ತೆ."

"ಬಿಸಿಲು ಬ್ಯಾಡ ಅಂತ್ಲೇ ಗಾಡಿ ತಗಳ್ತಿರಾದು," ಅಂದಳು ಚಿತ್ತಮ್ಮ. "ಮುಂದೆ ಓದಪ್ಪ."

"ಮಂಜಿನ ದೀಪ. ಮಂಜು ಬಿದ್ದಾಗ ದಾರಿ ಕಾಣ್ಸುತ್ತೆ."

"ನಮ್ಮ ಕಡೆ ಮಂಜೆಲ್ಲೈತೆ?" ಪಾಲಣ್ಣ ಕೇಳಿದ. "ಧೂಳಿನ ದೀಪ ಇದ್ರೆ ಹೇಳು, ಎರಡು ತಗಳಾಣ."

"ಗಾಳಿ ಚೀಲ. ದೇವ್ರು ಹಂಗ್ ಮಾಡದಿರ್ಲಿ, ಎಲ್ಲಾದ್ರೂ ಗುದ್ದಿದ್ರೆ ಮುಂದೆ ಕೂತೋರ ಎದೆ ಮುಂದೆ ಚೀಲ ಉಬ್ಬಿಕೊಂಡು ಕಾಪಾಡುತ್ತೆ."

"ಮುಂದೆ ಕುಂತೋರಿಗೆ ಮಾತ್ರವಾ?" ದೊಡ್ಡಕ್ಕ ಕೇಳಿದಳು. "ಹಿಂದೆ ಕುಂತೋರು ಏನ್ ಪಾಪ ಮಾಡ್ಯಾರೆ?"

ಚೇತನ್‌ಕುಮಾರ್ ಬೆವರು ಒರೆಸಿಕೊಂಡು, ಚೀಲದಿಂದ ಕೆನೆ ಬಣ್ಣದ ಒಂದು ತುಂಡು ತೆಗೆದು ಚಿತ್ತಯ್ಯನ ಕೈಗೆ ಕೊಟ್ಟ. "ಇದು ನೋಡ್ರಿ, ಸೀಟಿಗೆ ಚರ್ಮದ ಹೊದಿಕೆ. ಐಷಾರಾಮಿ ಗಾಡಿಗೆಲ್ಲ ಇದೇ."

ಚಿತ್ತಯ್ಯ ಆ ತುಂಡನ್ನು ಹೆಬ್ಬೆರಳಿನಿಂದ ಉಜ್ಜಿದ. ಮಡಚಿದ. ಹಿಂಬದಿ ತಿರುಗಿಸಿ ನೋಡಿದ. ಮೂಗಿಗೆ ಹಿಡಿದ. ಕೊನೆಗೆ ನಾಲಗೆ ತುದಿಗೆ ತಾಗಿಸಿದ.

"ಕುರಿದಲ್ಲ. ಆಡಿಂದಲ್ಲ. ಎತ್ತಿಂದಲ್ಲ, ಎಮ್ಮೆದಲ್ಲ," ಅಂದ. "ಯಾವ ಪ್ರಾಣಿದಪ್ಪ ಇದು? ನಾ ಕಾಣದ್ ಪ್ರಾಣಿ."

ಚೇತನ್‌ಕುಮಾರ್ ಕೆಂಪಗಾದ. "ಅದು... ಚರ್ಮದಂಥದ್ದು, ಯಜಮಾನ್ರೆ. ಚರ್ಮ ಅಲ್ಲ."

"ಹಂಗ್ ಹೇಳು ಮತ್ತೆ!" ಚಿತ್ತಯ್ಯ ತೊಡೆ ತಟ್ಟಿದ. ಪಾಲಣ್ಣ ಕಂಬಳಿಯ ಮೇಲೆ ಉರುಳಿ ನಕ್ಕ. ದೊಡ್ಡಕ್ಕ ಸೆರಗು ಬಾಯಿಗೆ ತುರುಕಿಕೊಂಡಳು. ಗಂಗಾಗೆ ನಕ್ಕು ನಕ್ಕು ಬಿಕ್ಕಳಿಕೆಯೇ ಬಂದುಬಿಟ್ಟಿತು. ಇಡೀ ಪಟ್ಟಿ ಓದಿ ಮುಗಿಯುವ ಹೊತ್ತಿಗೆ ಚಿತ್ತಮ್ಮನ ಬಾಯಲ್ಲಿ ಮೂರನೇ ಎಲೆ ಇತ್ತು, ಮತ್ತು ಬೇಕಾದ್ದು ಬೇಡದ್ದು ಸೇರಿ ಇಪ್ಪತ್ತೆರಡು ಸಾಮಾನು ಕಂಬಳಿಯ ಮೇಲೆ ಸುರಿದಂತಾಗಿತ್ತು.

"ಎಲ್ಲ ಹಾಕ್ಸಾದ್ರೆ ಗಾಡಿ ಎದ್ದೇಳಂಗಿಲ್ಲ," ಅಂದ ಚಿತ್ತಯ್ಯ. "ಮರಿಗೆ ಮಾಡ್ದಂಗೇ ಮಾಡಾಣ. ತಲೆಗೊಂದು."

ಮನೆಯವರಿಗೆಲ್ಲ ಅರ್ಥವಾಯಿತು. ಚೇತನ್‌ಕುಮಾರನಿಗೆ ಮಾತ್ರ ಬಿಡಿಸಿ ಹೇಳಬೇಕಾಯಿತು. ಆ ಮನೆಯಲ್ಲಿ ಹುಟ್ಟಿದವರಿಗೂ ಮದುವೆಯಾಗಿ ಬಂದವರಿಗೂ ಒಂದೊಂದು ಹೆಣ್ಣು ಮರಿ ಕೊಡುವ ರೂಢಿ. ಮಂದೆಯಲ್ಲಿ ಅವರೇ ಆರಿಸಿಕೊಳ್ಳಬೇಕು. ಆರಿಸಿದ ಮರಿಯ ಕಿವಿಗೆ ಅವರ ಗುರುತಿನ ಕಚ್ಚು ಹಾಕುತ್ತಾರೆ. ಕಚ್ಚು ಬಿದ್ದ ಮೇಲೆ ಅದು ಅವರದ್ದು. ಅದರ ಉಣ್ಣೆಯೂ ಅವರದ್ದೇ, ಅದು ಈದ ಮರಿಗಳೂ ಅವರದ್ದೇ. ಚಿತ್ತಯ್ಯನೂ ಕೇಳದೆ ಮುಟ್ಟುವ ಹಾಗಿಲ್ಲ. ಒಬ್ಬರ ಗುರುತಿನ ಮೇಲೆ ಇನ್ನೊಬ್ಬರು ಗುರುತು ಹಾಕುವ ಹಾಗಿಲ್ಲ. ಬೇಕಾದರೆ ಒಪ್ಪಿಕೊಂಡು ಅದಲುಬದಲು ಮಾಡಿಕೊಳ್ಳಬಹುದು, ಅಷ್ಟೇ.

"ಅಂದ್ರೆ ಒಬ್ಬೊಬ್ರಿಗೆ ಒಂದೊಂದು ಸಾಮಾನು," ಅಂದ ಚೇತನ್‌ಕುಮಾರ್, ಪೆನ್ನಿನ ಮುಚ್ಚಳ ತೆಗೆಯುತ್ತ. "ಆಮೇಲೆ?"

"ಆಮೇಲೆ ಏನೂ ಇಲ್ಲ. ಉಳಿದಿದ್ದು ನಿಮ್ ಕಂಪನಿಗೇ ಇರ್ಲಿ."

ಮೊದಲ ಆಯ್ಕೆ ಚಿತ್ತಯ್ಯನದು. ಅವನಿಗೆ ಗಾಡಿಯ ಮೂತಿ ಬೋಳಾಗಿ ಕಾಣುತ್ತಿತ್ತು. ಮುಂದೆ ಕಟ್ಟುವ ಉಕ್ಕಿನ ದಪ್ಪ ಕಂಬಿಯ ಚಿತ್ರ ನೋಡಿದ್ದೇ, "ಇದು! ಕೊಂಬಿಲ್ಲದ ಟಗರು ಯಾರಿಗ್ ಬೇಕು?" ಅಂದ.

ಚಿತ್ತಮ್ಮ ಹಿಂದಕ್ಕೆ ಹೋಗುವಾಗ ಅಡ್ಡ ಏನಾದರೂ ಇದ್ದರೆ ಕೀಂ ಕೀಂ ಅನ್ನುವ ಯಂತ್ರ ಆರಿಸಿದಳು. ಚೇತನ್‌ಕುಮಾರ್ ಅದನ್ನು ತೋರಿಸಲೆಂದು ಗಾಡಿಯನ್ನು ರೊಪ್ಪದ ಕಡೆಗೆ ಹಿಂದಕ್ಕೆ ಬಿಟ್ಟ. ಬೇಲಿಯೊಳಗಿನ ಅಷ್ಟೂ ಮರಿಗಳು ನೋಡಲು ಮುಂದೆ ಬಂದವು. ಗಾಡಿ ಉಸಿರು ತೆಗೆದುಕೊಳ್ಳದೆ ಕೂಗಿತು. ಮರಿಗಳೂ ಕೂಗಿದವು. ಗಾಡಿ ಕೂಗಿದ್ದಕ್ಕೆ ಮರಿ, ಮರಿ ಕೂಗಿದ್ದಕ್ಕೆ ಗಾಡಿ ಎಂಬಂತೆ ಐದು ನಿಮಿಷ ನಡೆಯಿತು. "ನೋಡು, ಮಾತಾಡಾದು ಕಲ್ತೈತೆ," ಎಂದು ಚಿತ್ತಮ್ಮ ಕಣ್ಣೀರು ಬರುವಷ್ಟು ನಕ್ಕಳು.

ಪಾಲಣ್ಣ ಮೇಲಿನ ಕ್ಯಾರಿಯರ್ ಅಂದ. ಬಸ್ಸು ಹತ್ತಿದರೆ ಸಾಕು ವಾಂತಿ ಮಾಡುವ ದೊಡ್ಡಕ್ಕ, ಹಿಂದಿನವರಿಗೂ ತಣ್ಣನೆ ಗಾಳಿ ಬರುವ ಏಸಿ ಅಂದಳು. ಉಷಾರಾಣಿ ಆ ಯಾವ ಪ್ರಾಣಿಯದೂ ಅಲ್ಲದ ಕೆನೆ ಬಣ್ಣದ ಹೊದಿಕೆಯನ್ನೇ ಆರಿಸಿದಳು. ಇಷ್ಟರಲ್ಲಿ ಗಂಗಾಗೆ ಬಿಕ್ಕಳಿಕೆ ನಿಂತಿತ್ತು. ಅವಳು ಸಣ್ಣಣ್ಣನ ಮುಖ ನೋಡುತ್ತಿದ್ದಳು. ಅವನ ಕಣ್ಣು ಪುಸ್ತಕದ ಹನ್ನೊಂದನೇ ಪುಟದಲ್ಲಿತ್ತು. ಅಲ್ಲಿ ಆರು ಸ್ಪೀಕರಿನ, ಆರು ಸೀಡಿ ಒಟ್ಟಿಗೆ ನುಂಗುವ ಟೇಪಿನ ಚಿತ್ರವಿತ್ತು. ಮಾರುತೇಶ ಹಾಡಿನ ಹುಚ್ಚ. ಹೊಳಲ್ಕೆರೆಯ ರೂಮಿನಲ್ಲಿ ಸೀಡಿಗಳನ್ನು ಸೀರೆಗಳಂತೆ ಜೋಡಿಸಿ ಇಟ್ಟುಕೊಂಡಿದ್ದವನು. ಅವನ ಕೈ ಆ ಪುಟದ ಕಡೆಗೆ ಹೋಯಿತು. ಅದೇ ಹೊತ್ತಿಗೆ ಉಷಾರಾಣಿ ಅವನ ಮೊಣಕೈಯನ್ನು ಸಣ್ಣಗೆ ಚಿವುಟಿದ್ದು ಗಂಗಾಗೆ ಕಂಡಿತು.

"ನನಿಗೆ..." ಮಾರುತೇಶ ಪುಟ ತಿರುಗಿಸಿದ. "ನನಿಗೆ ನಡುವಿನ ಬಿಡಿ ಸೀಟು."

ಅದೇನೆಂದು ಚೇತನ್‌ಕುಮಾರ್ ಗಾಡಿಯ ಬಾಗಿಲು ತೆಗೆದು ತೋರಿಸಿದ. ಅವನು ತಂದಿದ್ದ ಗಾಡಿಯಲ್ಲಿ ಮುಂದೆ ಇಬ್ಬರು, ನಡುವಿನ ಉದ್ದ ಸೀಟಿನಲ್ಲಿ ಮೂವರು, ಹಿಂದಿನ ಸಣ್ಣ ಸೀಟಿನಲ್ಲಿ ಇಬ್ಬರು. ಬಿಡಿ ಸೀಟು ಹಾಕಿಸಿದರೆ ನಡುವೆ ಎರಡೇ ಕುರ್ಚಿ, ಒಂದೊಂದಕ್ಕೂ ಎರಡೆರಡು ಕೈ. "ಮಿನಿಸ್ಟ್ರು ಕೂತಂಗೆ ಕೂರ್ಬೋದು. ಏಳು ಸೀಟಿದ್ದದ್ದು ಆರಾಗುತ್ತೆ, ಅಷ್ಟೇ."

ಗಂಗಾ ಮನಸ್ಸಿನಲ್ಲೇ ಎಣಿಸಿದಳು. ಅಪ್ಪ, ಅವ್ವ, ದೊಡ್ಡಣ್ಣ, ದೊಡ್ಡತ್ತಿಗೆ, ಸಣ್ಣಣ್ಣ, ಸಣ್ಣತ್ತಿಗೆ. ಆರು. ಇನ್ನೊಮ್ಮೆ ಎಣಿಸಿದಳು. ಮತ್ತೂ ಆರೇ ಆಯಿತು. ಎರಡು ಸಲವೂ ತಾನು ಹೊರಗುಳಿದಳು.

ಗಾಡಿ ಬಂದ ಮೊದಲ ಸೋಮವಾರ ಎಲ್ಲರೂ ಹೊಸದುರ್ಗಕ್ಕೆ ಹೋಗುವುದೆಂದು ಆಗಲೇ ಮಾತಾಗಿತ್ತು. ಅಲ್ಲಿ ಅಕ್ಕ ಚೌಡೇಶ್ವರಿಯ ಮನೆ. ಅಕ್ಕನಿಗೆ ಹೆಣ್ಣು ಮಗುವಾಗಿ ನಾಲ್ಕು ತಿಂಗಳಾಗಿತ್ತು. ಮನೆಯವರೆಲ್ಲ ಸರದಿಯ ಮೇಲೆ ಹೋಗಿ ನೋಡಿ ಬಂದಿದ್ದರು, ಮರಿ ಕಾಯುವ ಗಂಗಾ ಒಬ್ಬಳನ್ನು ಬಿಟ್ಟು. ಬರುವಾಗ ಹಿರಿಯೂರಿನ ಮೇಲೆ ಬಂದು ಮಾರಿಕಣಿವೆ ಡ್ಯಾಮಿನ ನೀರು ನೋಡುವುದು ಅಂತಲೂ ಆಗಿತ್ತು. ಅಷ್ಟು ನೀರು ಒಂದೇ ಕಡೆ ಇರುವುದನ್ನು ಗಂಗಾ ನೋಡಿರಲಿಲ್ಲ. ಈ ಒಂದು ತಿಂಗಳು ಅವಳು ಹೊಸ ಲಂಗಕ್ಕೆ ಅಂಚು ಹೊಲಿದದ್ದು ಅದಕ್ಕೇ.

"ಮತ್ತೆ ಗಂಗಾ?" ಚಿತ್ತಮ್ಮ ಕೇಳಿದಳು.

"ಅವ್ಳು ಇವತ್ತೋ ನಾಳೆನೋ ಗಂಡನ ಮನೆಗೆ ಹೋಗಾಳಲ್ವಾ ಅತ್ತೆ," ಅಂದಳು ಉಷಾರಾಣಿ. ಅವಳ ದನಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಲೆಕ್ಕ ಹೇಳುವಂತೆ ಹೇಳಿದಳು. "ಹತ್ತು ವರ್ಷ ಓಡೋ ಗಾಡಿ. ಒಂದ್ ವರ್ಷಕ್ಕೋಸ್ಕರ ಅಷ್ಟುದ್ದ ಬೆಂಚ್ ಹಾಕ್ಸಾದಾ? ಹಿರಿಯೂರ್ನಾಗೆ ನಮ್ಮ ಚಿಕ್ಕಪ್ಪಾರ ಗಾಡಿ ನೋಡ್ರಿ, ಕೈ ಇಟ್ಕಂಡು ಕುಂತ್ರೆ ಎಷ್ಟ್ ಚಂದ."

"ಬಸ್ಸೈತಲ್ಲ," ಮಾರುತೇಶ ಗಂಗಾಳ ಕಡೆ ನೋಡದೆ ಹೇಳಿದ. "ನಾವ್ ಮುಂದೆ ಹೋಗಿರ್ತೀವಿ. ಅವ್ಳು ಹಿಂದಿನ್ ಬಸ್ಸಿಗೆ ಬರ್ಲಿ."

ಚಿತ್ತಯ್ಯ ಮೀಸೆ ಎಳೆದುಕೊಂಡ. ಮಗಳ ಕಡೆ ಒಮ್ಮೆ ನೋಡಿದ. ಅವನ ಮುಖದಲ್ಲಿ ಮುಳ್ಳು ತುಳಿದವನ ಸಂಕಟವಿತ್ತು. "ಅವ್ನ ಗುರ್ತು ಬಿದ್ದಾತು," ಅಂದ ಕೊನೆಗೆ. "ನಾನೇ ಮಾಡಿದ್ ಮಾತು, ನಾನೂ ಅಳಿಸಂಗಿಲ್ಲ. ಬರ್ಕಳಪ್ಪ." ಚೇತನ್‌ಕುಮಾರ್ ಬರೆದುಕೊಂಡ.

"ಇನ್ನು ಗಂಗಾ ಒಬ್ಳು," ಅಂದ ಪಾಲಣ್ಣ.

ಎಲ್ಲರೂ ಅವಳ ಕಡೆ ತಿರುಗಿದರು. ಏಳನೇ ಸೀಟು ಬೇಕು ಅನ್ನಬೇಕೆಂದರೆ ಅದು ಪಟ್ಟಿಯಲ್ಲಿ ಇರಲಿಲ್ಲ. ಉದ್ದ ಸೀಟು ಗಾಡಿಯ ಜೊತೆ ಸುಮ್ಮನೆ ಬರುವಂಥದ್ದು. ಬಿಡಿ ಸೀಟಿನ ಮೇಲೆ ಅಣ್ಣನ ಗುರುತು ಬಿದ್ದಾಗಿತ್ತು. ಮಾರುತೇಶ ಕಂಬಳಿಯ ಅಂಚಿನಲ್ಲಿ ಜರುಗಿಕೊಂಡು ಅವಳ ಕಿವಿಯ ಹತ್ತಿರ ಬಂದ.

"ಲೇ ಗಂಗಾ, ಹಾಡಿಂದು ಹೇಳೇ. ಹನ್ನೊಂದನೇ ಪುಟ. ಆರು ಸ್ಪೀಕರಿಂದು. ನೀ ಹೇಳ್ದಿದ್ರೆ ಅದು ತಪ್ಪೋಗ್ತೈತೆ ಕಣೇ. ನನ್ ಬಂಗಾರ."

ಗಂಗಾ ಅವನ ಮುಖ ನೋಡಿದಳು. ಸಂತೆಯಲ್ಲಿ ಅಪ್ಪನ ಪಕ್ಕ ಕೂತು ಎಷ್ಟೋ ಸಲ ನೋಡಿದ್ದಳು: ಮಂದೆಯಲ್ಲಿ ಒಂದೇ ಒಂದು ಮರಿಯ ಮೇಲೆ ಕಣ್ಣಿಟ್ಟು, ಬೇರೆ ಎಲ್ಲದರ ಬೆಲೆ ಕೇಳುವ ಗಿರಾಕಿಯ ಮುಖ. ಅಂಥ ಮುಖ ಕಂಡಾಗ ಅಪ್ಪ ಒಳಗೊಳಗೇ ನಗುತ್ತಿದ್ದ.

"ಹಾಡಿಂದು," ಅಂದಳು ಗಂಗಾ.

ಮಾರುತೇಶ ಚಪ್ಪಾಳೆ ಹೊಡೆದ. ಚೇತನ್‌ಕುಮಾರ್ ಬರೆದ. ಎಲ್ಲ ಮುಗಿಯಿತೆಂದು ದೊಡ್ಡಕ್ಕ ಕಾಫಿಗೆ ಎದ್ದಳು.

"ಅಪ್ಪಾ." ಗಂಗಾಳ ದನಿ ಎಷ್ಟು ಸಣ್ಣಗಿತ್ತೆಂದರೆ ಚಿತ್ತಯ್ಯ ಕಿವಿಯ ಹಿಂದೆ ಕೈ ಇಟ್ಟುಕೊಳ್ಳಬೇಕಾಯಿತು. "ಹಾಡಿಂದು ಯಾರ್ದು?"

"ನಿಂದು. ಇನ್ಯಾರ್ದು?"

"ನಾ ಬಸ್ಸಿನಾಗೆ ಇರ್ತೀನಲ್ಲ. ನಾನಿಲ್ಲದಾಗ ಅದು ಹಾಡಾದು ಬ್ಯಾಡ."

ದೊಡ್ಡಕ್ಕ ನಿಂತಲ್ಲೇ ನಿಂತಳು. ಚಿತ್ತಮ್ಮನ ಬಾಯಿಯ ಎಲೆ ನಿಂತಿತು. ಆಮೇಲೆ ಪಾಲಣ್ಣ "ಓಹೋಹೋ!" ಎಂದು ಕೂಗಿದ ಕೂಗಿಗೆ ಪಕ್ಕದ ಮನೆಯ ನಾಯಿ ಎದ್ದು ಕೂತಿತು.

"ಏನ್ ಮಾತಂತ ಆಡ್ತೀಯೇ!" ಮಾರುತೇಶ ಎದ್ದುನಿಂತ. "ಹೊಸದುರ್ಗದ ತನಕ ಮೂಗ ಗಾಡಿನಾಗೆ ಹೋಗಾದಾ? ಅಪ್ಪಾ, ನೋಡಿಲ್ಲಿ!"

"ನಾನೇನ್ ನೋಡ್ಲಿ?" ಚಿತ್ತಯ್ಯನ ಮೀಸೆ ಕುಣಿಯುತ್ತಿತ್ತು. "ಅವ್ಳ ಕುರಿ ಉಣ್ಣೆನ ಅವ್ಳನ್ ಕೇಳ್ದೆ ಕತ್ತರಿಸ್ತೀಯಾ? ಬೇಕಾರೆ ಅದಲುಬದಲು ಮಾಡ್ಕ. ಕೇಳು."

"ಏನ್ ಬೇಕೇ ನಿನಿಗೆ? ಬಾಯ್ ಬಿಟ್ ಹೇಳು."

ಬಾಯಿ ಬಿಡುವುದೇ ಗಂಗಾಗೆ ಆಗದ ಕೆಲಸ. ಅವಳು ಬಲಗೈಯನ್ನು ಮುಂದೆ ಚಾಚಿದಳು. ಚಿತ್ತಯ್ಯನಿಗೆ ಅಷ್ಟೇ ಸಾಕಾಯಿತು. ಹೆಗಲ ಮೇಲಿನ ಟವೆಲ್ ಎಳೆದು ಅವಳ ಕೈ ಮೇಲೆ ಹೊದಿಸಿದ. "ಹಿಡಿಯೋ ಮಾರುತಿ. ಸಂತೆ ವ್ಯಾಪಾರ."

ಕುರಿ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಟವೆಲ್ಲಿನ ಕೆಳಗೆ ಒಬ್ಬರ ಕೈ ಒಬ್ಬರು ಹಿಡಿದು ಬೆರಳಿನಲ್ಲಿ ಕೇಳುತ್ತಾರೆ, ಬೆರಳಿನಲ್ಲಿ ಹೇಳುತ್ತಾರೆ. ಎಷ್ಟು ಬೆರಳು ಹಿಡಿದರೆ ಅಷ್ಟು. ಬೆರಳಿನ ನಡುಗೆಣ್ಣು ಒತ್ತಿದರೆ ಅರ್ಧ. ಉಗುರಿನಿಂದ ಅಂಗೈ ಚಿವುಟಿದರೆ ಆಗುವುದಿಲ್ಲ ಅಂತ. ನೋಡುವವರಿಗೆ ಟವೆಲ್ ಅಲ್ಲಾಡುವುದು ಮಾತ್ರ ಕಾಣುತ್ತದೆ. ಆ ಭಾಷೆ ಮನೆಯವರಿಗೆಲ್ಲ ಬರುತ್ತಿತ್ತು. ಆದರೆ ಗಂಗಾ ಆ ಭಾಷೆಯಲ್ಲಿ ಮಾತಾಡಿದ್ದನ್ನು ಇದುವರೆಗೆ ಯಾರೂ ಕಂಡಿರಲಿಲ್ಲ.

ಟವೆಲ್ಲಿನ ಕತ್ತಲೆಯಲ್ಲಿ ಅಣ್ಣನ ದಪ್ಪ ಕೈ ಸಿಕ್ಕಿತು. ಗಂಗಾಗೆ ಆಶ್ಚರ್ಯವೆನಿಸಿತು, ನಾಚಿಕೆ ಎಲ್ಲಿ ಹೋಯಿತೋ ಗೊತ್ತಿಲ್ಲ. ಅವಳು ಅವನ ಐದೂ ಬೆರಳು ಹಿಡಿದು ಅಮುಕಿ ಬಿಟ್ಟಳು. ಮತ್ತೆ ಎರಡು ಹಿಡಿದಳು. ಏಳು. ಗಾಡಿಗೆ ಏಳು ಸೀಟು.

ಮಾರುತೇಶನ ಹುಬ್ಬು ಮೇಲೇರಿತು. ಅವನು ಅವಳ ಐದು ಬೆರಳು ಹಿಡಿದ, ಮತ್ತೆ ಒಂದು. ಆರು. ಗಂಗಾ ಅಂಗೈ ಚಿವುಟಿದಳು.

"ಅಯ್ಯೋ!" ಅಂದ ಅವನು.

"ವ್ಯಾಪಾರದಾಗೆ ಬಾಯಿ ಬಿಡಂಗಿಲ್ಲ," ಗದರಿಸಿದ ಚಿತ್ತಯ್ಯ.

ಮಾರುತೇಶ ಉಷಾರಾಣಿಯ ಕಡೆ ನೋಡಿದ. ಅವಳು ಕಣ್ಣಲ್ಲೇ ಬೇಡ ಅಂದಳು. ಅವನು ಹನ್ನೊಂದನೇ ಪುಟದ ಕಡೆ ನೋಡಿದ. ಅವನ ಬೆರಳು ಟವೆಲ್ಲಿನೊಳಗೆ ತಡವರಿಸಿತು. ಐದು ಹಿಡಿದ. ಒಂದು ಹಿಡಿದ. ಆಮೇಲೆ ಅವಳ ತೋರುಬೆರಳಿನ ನಡುಗೆಣ್ಣನ್ನು ಮೆಲ್ಲಗೆ ಒತ್ತಿದ.

ಆರೂವರೆ!

ಗಂಗಾಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಬಿಡಿ ಸೀಟು ಹಾಗೇ ಇರಲಿ, ನೀನು ಹಿಂದಿನ ಇಬ್ಬರ ನಡುವೆ ಅರ್ಧ ಕುಂಡಿ ಇಟ್ಟುಕೊಂಡು ಬಾ ಅಂತ. ಅರ್ಧ ಗಂಗಾ! ಯಾವ ಅರ್ಧ ಹೊಸದುರ್ಗಕ್ಕೆ ಹೋಗುವುದು, ಯಾವುದು ಮರಿ ಕಾಯುವುದು? ಅವಳಿಗೆ ನಗು ಉಕ್ಕಿ ಬಂತು. ಹಿಡಿದುಕೊಳ್ಳಲು ಹೋಗಿ ಮೂಗಿನಿಂದ ಪುಸ್ ಅಂತ ಹೊರಟಿತು. ಮಾರುತೇಶನಿಗೂ ತಾನು ಹೇಳಿದ್ದರ ಚಂದ ಆಗಲೇ ಹೊಳೆದದ್ದು. ಅವನೂ ಪುಸ್ ಅಂದ. ಅಣ್ಣ ತಂಗಿ ಇಬ್ಬರೂ ಒಂದೇ ಟವೆಲ್ಲಿನ ಕೆಳಗೆ ಕೈ ಹಿಡಿದುಕೊಂಡು ಭುಜ ಕುಣಿಸುತ್ತ ನಗುವುದನ್ನು ನೋಡಿ, ಏನೆಂದು ತಿಳಿಯದೆಯೂ ಉಳಿದವರೆಲ್ಲ ನಗತೊಡಗಿದರು. ಕೇಳಿದ್ದು ಏನು, ಕೊಟ್ಟದ್ದು ಎಷ್ಟು ಎಂದು ಪಾಲಣ್ಣ ಚೇತನ್‌ಕುಮಾರನ ಜೊತೆ ಪಂದ್ಯ ಕಟ್ಟಲು ಹೊರಟ. ಚೇತನ್‌ಕುಮಾರ್ ತನ್ನ ಟೈ ಸಡಿಲ ಮಾಡಿಕೊಂಡು, "ನಮ್ಮ ಮ್ಯಾನೇಜರ್ ಇದನ್ನ ನೋಡ್ಬೇಕಿತ್ತು," ಅಂದ.

ಆದರೆ ನಕ್ಕರೂ ಗಂಗಾ ಕೈ ಬಿಡಲಿಲ್ಲ. ಮತ್ತೆ ಐದು ಹಿಡಿದಳು. ಮತ್ತೆ ಎರಡು ಹಿಡಿದಳು. ಈ ಸಲ ಆ ಎರಡು ಬೆರಳುಗಳನ್ನು ಗಟ್ಟಿಯಾಗಿ, ಕೊನೆಯ ಮಾತು ಅನ್ನುವ ಹಾಗೆ ಹಿಡಿದುಕೊಂಡು ಅಣ್ಣನ ಕಣ್ಣನ್ನೇ ನೋಡಿದಳು. ಹಾಗೆ ಅವಳು ಅವನ ಕಣ್ಣನ್ನು ನೇರವಾಗಿ ನೋಡಿದ್ದು ಯಾವಾಗಲೋ. ಮಾರುತೇಶನೇ ಮೊದಲು ಕಣ್ಣು ಇಳಿಸಿದ. ನಗು ನಿಲ್ಲಿಸಿದ. ತಿಂಗಳಿಂದ ಅವಳು ಅಂಚು ಹೊಲಿಯುತ್ತಿದ್ದ ಹೊಸ ಲಂಗ ಅವನಿಗೂ ನೆನಪಾಗಿರಬೇಕು.

"ಹಿಂದಿನ್ ಬಸ್ಸು ಅಂತ ನಾ ಅನ್ಬಾರ್ದಿತ್ತು," ಅಂದ ಮೆಲ್ಲಗೆ. ಟವೆಲ್ಲಿನೊಳಗೆ ಅವಳ ಅಂಗೈ ಮೇಲೆ ಅಂಗೈ ಇಟ್ಟು ತಟ್ಟಿದ. ವ್ಯಾಪಾರ ಕುದುರಿತು.

ಚಿತ್ತಯ್ಯ ಟವೆಲ್ ಎಳೆದುಕೊಂಡ. "ಹಾಡು ಮಾರುತಿದು. ಬಿಡಿ ಸೀಟು ಗಂಗಾಂದು. ಅವ್ಳದ್ನ ಏನಾರ ಮಾಡ್ಕಳ್ಳಿ."

"ಬ್ಯಾಡ ಅಂತ ಹೊಡೆದಾಕ್ರಿ," ಗಂಗಾ ಚೇತನ್‌ಕುಮಾರನಿಗೆ ಹೇಳಿದಳು. ಹೊರಗಿನವನೊಬ್ಬನಿಗೆ ತಾನೇ ಹೇಳಿದೆನೆಂಬುದು ಹೇಳಿ ಮುಗಿದ ಮೇಲೆ ಗೊತ್ತಾಗಿ, ಅವ್ವನ ಬೆನ್ನ ಹಿಂದೆ ಅಡಗಿದಳು.

ಉಷಾರಾಣಿಯ ಮುಖ ಊದಿಕೊಂಡಿತು. "ಕೈ ಇಡಾಕೆ ಜಾಗ ಇಲ್ದಂಗಾತು," ಅಂದಳು. ಚೇತನ್‌ಕುಮಾರ್ ಚುರುಕಿನ ಹುಡುಗ. ಗಾಡಿಯ ನಡುವಿನ ಉದ್ದ ಸೀಟಿನ ಬಳಿ ಅವಳನ್ನು ಕರೆದು, ಒರಗುವ ಭಾಗದ ಮಧ್ಯದಲ್ಲಿದ್ದ ಒಂದು ಪಟ್ಟಿ ಎಳೆದ. ಅದು ಮಡಚಿ ಕೆಳಗೆ ಬಂದು ಕೈಯೂರುವ ದಿಂಬಾಯಿತು. "ಮಧ್ಯದಾಗೆ ಯಾರೂ ಇಲ್ಲದಾಗ ಇದನ್ನ ಇಳಿಸ್ಕೊಳ್ರಿ ಮೇಡಂ. ಎರಡು ಲೋಟ ಇಡೋಕೂ ಜಾಗ ಐತೆ."

"ಇದು ಮೊದ್ಲೇ ಹೇಳಾಕೇನಾಗಿತ್ತು ನಿನಿಗೆ?"

"ಇದು ಸುಮ್ನೆ ಬರುತ್ತೆ ಮೇಡಂ. ಸುಮ್ನೆ ಬರೋದನ್ನ ನಾವು ಓದಲ್ಲ."

ಉಷಾರಾಣಿ ಅದನ್ನು ಇಳಿಸಿದಳು, ಎತ್ತಿದಳು, ಮತ್ತೆ ಇಳಿಸಿದಳು. ಮುಖದ ಊತ ಇಳಿಯಿತು. "ಇವ್ಳು ಮದ್ವೆ ಆಗೋ ತನಕ ತಾನೇ," ಅಂದಳು. ಗಂಗಾ ಕೇಳಿಸಿಕೊಂಡಳು. ಅಲ್ಲಿಯ ತನಕ ಅಲ್ಲಿ ಭದ್ರವಾಗಿ ಕೂರಬೇಕು ಎಂದುಕೊಂಡಳು.

ಕಾಫಿ ಆದ ಮೇಲೆ ಎಲ್ಲರನ್ನೂ ಕೂರಿಸಿಕೊಂಡು ದೊಡ್ಡ ರಸ್ತೆಯ ತನಕ ಒಂದು ಸುತ್ತು ಹೋಗಿ ಬರಲು ಚೇತನ್‌ಕುಮಾರ್ ಬೀಗದ ಕೈಯನ್ನು ಮಾರುತೇಶನಿಗೆ ಕೊಟ್ಟ. ತಾನು ಇಲ್ಲೇ ಕೂತಿರುತ್ತೇನೆ ಅಂದ. "ಗಾಡಿ ವಾಪಸ್ ಬರಾ ತನಕ ನೀ ಒತ್ತೆ," ಎಂದು ಪಾಲಣ್ಣ ಅವನ ಕೈಗೆ ಮಜ್ಜಿಗೆ ಲೋಟ ಕೊಟ್ಟು ಹಿಂದಿನ ಸೀಟಿಗೆ ಹತ್ತಿದ. ಪಾಲಣ್ಣನ ಪಕ್ಕದಲ್ಲಿ ತಮ್ಮನ ಹೆಂಡತಿ ಕೂರುವ ಹಾಗಿಲ್ಲ, ಮೈಗೆ ಮೈ ತಾಗಬಾರದು. ದೊಡ್ಡಕ್ಕನಿಗೆ ವಾಂತಿಗೆ ಕಿಟಕಿ ಬೇಕು, ಹಿಂದಿನ ಸೀಟಿನಲ್ಲಿ ತೆರೆಯುವ ಕಿಟಕಿಯಿಲ್ಲ. ಗಂಗಾ ಹಿಂದಕ್ಕೆ ಹೊರಟರೆ, "ನಡುವಿಂದು ನೀ ಗೆದ್ದಿದ್ದು, ನೀನೇ ಕುಂತ್ಕ" ಎಂದು ಚಿತ್ತಮ್ಮ ತಡೆದಳು. ಹಾಗಾಗಿ ಚಿತ್ತಮ್ಮನನ್ನು ಇಬ್ಬರು ತಳ್ಳಿ ಒಬ್ಬರು ಎಳೆದು ಹಿಂದೆ ಮಗನ ಪಕ್ಕ ಕೂರಿಸಿದರು. "ಅಯ್ಯಪ್ಪ, ಮರಿ ಎತ್ತಿ ಹಾಕ್ದಂಗೆ ಹಾಕ್ತೀರಲ್ರೋ," ಎಂದು ಅವಳು ಒಳಗಿನಿಂದ ಕೂಗಿದಳು. ಚಿತ್ತಯ್ಯ ಮುಂದೆ ಕೂತು ಟವೆಲ್ಲನ್ನು ಪೇಟ ಸುತ್ತಿಕೊಂಡ. ನಡುವಿನ ಸೀಟಿನ ಒಂದು ಕಿಟಕಿ ದೊಡ್ಡಕ್ಕನಿಗೆ, ಇನ್ನೊಂದು ಉಷಾರಾಣಿಗೆ.

ಉಳಿದದ್ದು ಮಧ್ಯದ ಜಾಗ. ಗಂಗಾ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡು ಹತ್ತಿದಳು. "ಲೇ, ಚಪ್ಲಿ ಹಾಕ್ಕಳೇ, ಗುಡಿ ಅಲ್ಲ," ಎಂದು ಮಾರುತೇಶ ಕನ್ನಡಿಯಲ್ಲಿ ನೋಡಿ ನಕ್ಕ.

ಎರಡು ಕಡೆಯೂ ಅತ್ತಿಗೆಯರು. ಕಿಟಕಿ ಇಲ್ಲ. ಕೂತ ಕೂಡಲೇ ಅವಳಿಗೆ ಸ್ವಲ್ಪ ಬೇಸರವಾಯಿತು. ಇಷ್ಟೆಲ್ಲ ಮಾಡಿ ಸಿಕ್ಕದ್ದು ಎರಡು ಸೆರಗಿನ ನಡುವಿನ ಸಂದಿಯೇ ಅಂದುಕೊಂಡಳು. ಉಷಾರಾಣಿ ಮಾತಾಡುತ್ತ, ಆಗಲೇ ಅಭ್ಯಾಸವಾದವಳಂತೆ, ಕೈಯೂರಲು ಹೋದಳು. ದಿಂಬು ಇರಬೇಕಾದಲ್ಲಿ ಗಂಗಾಳ ತೊಡೆ ಇತ್ತು. ಉಷಾರಾಣಿ ಕೈ ತೆಗೆಯಲಿಲ್ಲ. "ಮೆತ್ತಗೇ ಐತೆ," ಅಂದಳು. ದೊಡ್ಡಕ್ಕ ಕಿಟಕಿಗೆ ಮುಖ ಕೊಟ್ಟು ನಕ್ಕಳು.

ಗಾಡಿ ಹೊರಟಿತು. ಮಾರುತೇಶ ಇದ್ದ ಟೇಪನ್ನೇ ಜೋರಾಗಿ ಹಾಕಿದ. ಹಟ್ಟಿಯ ಕೋಳಿಗಳು ಎರಡು ಪಾಲಾಗಿ ಹಾರಿದವು. ಓಣಿ ದಾಟಿ ಗಾಡಿ ತಿರುವು ತೆಗೆದುಕೊಂಡಿತು. ಆಗ ಅಪ್ಪನ ಪೇಟ ಆ ಕಡೆ, ಅಣ್ಣನ ತಲೆ ಈ ಕಡೆ, ಎರಡರ ನಡುವೆ ಮುಂದಿನ ದೊಡ್ಡ ಗಾಜು ಪೂರ್ತಿ ತೆರೆದುಕೊಂಡಿತು.

ಗಂಗಾ ಮುಂದಕ್ಕೆ ಬಾಗಿದಳು. ದೊಡ್ಡಕ್ಕನ ಕಿಟಕಿಯಲ್ಲಿ ಬೇಲಿ ಓಡುತ್ತಿತ್ತು, ಉಷಾರಾಣಿಯ ಕಿಟಕಿಯಲ್ಲಿ ಬೇಲಿ ಓಡುತ್ತಿತ್ತು. ಅವಳೊಬ್ಬಳ ಎದುರಿಗೆ ಮಾತ್ರ ಇಡೀ ರಸ್ತೆ, ಅದರ ಮೇಲೆ ಗುಡ್ಡ, ಗುಡ್ಡದ ಮೇಲೆ ತಿರುಗುವ ರೆಕ್ಕೆ, ಅದರ ಮೇಲೆ ಆಕಾಶ, ಎಲ್ಲ ಒಟ್ಟಿಗೆ ಅವಳ ಕಡೆಗೇ ಓಡಿಬರುತ್ತಿದ್ದವು. ಗಾಡಿಯಲ್ಲಿ ಇದೇ ಎಲ್ಲಕ್ಕಿಂತ ಒಳ್ಳೆಯ ಜಾಗವೆಂದು ಯಾರಿಗೂ ಗೊತ್ತಿರಲಿಲ್ಲ. ಅವಳು ಹೇಳಲೂ ಹೋಗಲಿಲ್ಲ. ಒಂದು ಹಳ್ಳದ ಮೇಲೆ ಗಾಡಿ ಹಾರಿ ಇಳಿದಾಗ ಏಳೂ ಜನ ಒಮ್ಮೆಗೇ ಮೇಲೆ ಹೋಗಿ ಕೆಳಗೆ ಬಂದರು, ಹಿಂದಿನಿಂದ ಚಿತ್ತಮ್ಮ "ಅಯ್ಯಯ್ಯೋ" ಅಂದಳು, ಮತ್ತು ಗಂಗಾ, ತನಗೇ ತಿಳಿಯದೆ, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಕೂಗಿದಳು:

"ಇನ್ನೂ ಜೋರಾಗಿ ಬಿಡಣ್ಣಾ!"